ಹೊಳೆ ಇಳಿಯುವವರೆಗೆ

ಎಳ್ಳಮಾಸಿ ಹತ್ತಿರ ಬಂತೆಂದರೆ ನಮ್ಮ ಹಳ್ಳಿಖೇಡದ ಸೀಮೆಯಲ್ಲಿ ಚಳಿ ಕಡಿಯುತ್ತದೆ. ಜೋಳ, ಕಡಲೆ ಕಾಯಲು ಹೋದವರು ಹೊಲದಲ್ಲೇ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುತ್ತಾರೆ. ಸುತ್ತ ಕೂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಸರ್ರ, ಆ ಮಲೆನಾಡಿನ ಹೊಳಿ ಕತಿ ಹೇಳ್ರಿ." ಬಾಯಿಂದ ಬಾಯಿಗೆ ಹೋದ ಕತೆ ಹಿಗ್ಗುತ್ತದೆ, ಇದು ಹಿಗ್ಗಬಾರದ ಕತೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಹೇಳುತ್ತೇನೆ.

ಅದು 2016. ಆ ಬೇಸಿಗೆಯನ್ನು ಬೀದರ್ ಜಿಲ್ಲೆಯವರು ಯಾರೂ ಮರೆತಿಲ್ಲ. ಪಕ್ಕದ ಲಾತೂರಿಗೆ ಏಪ್ರಿಲ್ ತಿಂಗಳಲ್ಲಿ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ರೈಲಿನಲ್ಲಿ ಸಕ್ಕರೆ, ಸಿಮೆಂಟು, ಗೊಬ್ಬರ ಬರುವುದು ಗೊತ್ತಿತ್ತು. ನೀರು ಬರುವುದನ್ನು ನಾವು ಅದೇ ಮೊದಲು ಕೇಳಿದ್ದು. ನಮ್ಮ ಓಣಿಗಳಲ್ಲೂ ಟ್ಯಾಂಕರ್ ಬಂದ ಸದ್ದಿಗೆ ಜನ ಕೊಡ ಹಿಡಿದು ಓಡುತ್ತಿದ್ದರು. ಆಮೇಲೆ ಸೆಪ್ಟೆಂಬರ್ ಕೊನೆಗೆ ಮಳೆ ಬಂತು, ಬಂದದ್ದು ಒಮ್ಮೆಗೇ. ಹಳ್ಳಗಳು ಉಕ್ಕಿ, ಸೋಯಾ ನಿಂತಲ್ಲೇ ಕೊಳೆಯಿತು. ಬೇಸಿಗೆಯಲ್ಲಿ ನೀರಿಲ್ಲವೆಂದು ಅತ್ತ ರೈತ ಮಳೆಗಾಲದ ಕೊನೆಗೆ ನೀರು ಹೆಚ್ಚಾಯಿತೆಂದು ಅತ್ತ.

ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ಮೊದಲ ನೌಕರಿ ಮಾಡಿದ್ದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ. ಅವರು ಒಂದು ಸಂಜೆ ಕಿರಾಣಿ ಅಂಗಡಿ ಕಟ್ಟೆಯ ಮೇಲೆ ಮಾತು ತೆಗೆದರು: "ನೀರಿಲ್ಲದ್ದು ನೋಡೀವಿ, ನೀರು ಹೆಚ್ಚಾದದ್ದೂ ನೋಡೀವಿ. ವರ್ಷವಿಡೀ ಹರಿಯೋ ನೀರು ಹ್ಯಾಂಗಿರ್ತದ ಅಂತ ಒಮ್ಮೆ ನೋಡ್ಕೊಂಡು ಬರಮ್ರಿ." ಅವರ ಪರಿಚಯದ ಅಡಕೆ ತೋಟದವರೊಬ್ಬರು ಅಘನಾಶಿನಿ ಕಣಿವೆಯಲ್ಲಿ, ಉಂಚಳ್ಳಿ ಜಲಪಾತದ ಆಸುಪಾಸಿನಲ್ಲಿದ್ದರು. ಅವರ ಮನೆಯ ಮೇಲಿನ ಕಾಡಿನಲ್ಲಿ ನಕ್ಷೆಯಲ್ಲಿ ಹೆಸರಿಲ್ಲದ ಒಂದು ಅಬ್ಬಿ, ಅಂದರೆ ಜಲಪಾತ. ಶನಿವಾರ ಅಲ್ಲಿಗೆ ನಡೆಯುವುದು, ಭಾನುವಾರ ಉಂಚಳ್ಳಿ ನೋಡಿ ತಿರುಗುವುದು ಎಂದು ಗೊತ್ತಾಯಿತು.

ಅಕ್ಟೋಬರ್‌ನ ಒಂದು ಶುಕ್ರವಾರ ಮಧ್ಯಾಹ್ನ ಕ್ರೂಸರ್ ಗಾಡಿ ಊರು ಬಿಟ್ಟಿತು. ಒಳಗೆ ನಾವಿಬ್ಬರು ಮಾಸ್ತರು, ಕಿರಾಣಿ ಅಂಗಡಿಯ ಅಣ್ಣ, ದವಾಖಾನೆಯಲ್ಲಿ ಸಿಸ್ಟರ್ ಆಗಿರುವ ಅಕ್ಕ, ಪಿಯುಸಿ ಓದುತ್ತಿದ್ದ ಅವರ ಮಗಳು, ಕಾಲೇಜಿನ ಹುಡುಗರು, ಮತ್ತೆ ನಮ್ಮ ಕಾಕಾ. ಕಾಕಾ ಅಂದರೆ ಊರಿಗೆಲ್ಲ ಕಾಕಾ. ನಮ್ಮೂರ ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ತಲೆಗೆ ಬಿಳಿ ಪಟಕಾ, ಅಂಗಿಯ ಒಳಕಿಸೆಯಲ್ಲಿ ತಂಬಾಕು-ಸುಣ್ಣದ ಡಬ್ಬಿ. ಮನೆಯ ಹೆಂಗಸರು ಕಟಕ ರೊಟ್ಟಿ, ಶೇಂಗಾ ಹಿಂಡಿ, ಚೂಡಾ ಕಟ್ಟಿಕೊಟ್ಟಿದ್ದರು. ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ ಒಂದೊಂದಾಗಿ ಹಿಂದೆ ಸರಿದವು. ಹುಬ್ಬಳ್ಳಿ ದಾಟಿದ್ದು ನಡುರಾತ್ರಿಯ ಮೇಲೆ. ಮುಂಡಗೋಡದ ಆಚೆ ರಸ್ತೆಯ ಎರಡೂ ಬದಿಗೆ ಸಾಗವಾನಿ ಶುರುವಾಯಿತು. ಶಿರಸಿ ಬಿಟ್ಟು ಸಿದ್ದಾಪುರದ ಕಡೆ ತಿರುಗಿದ ಮೇಲೆ ಬೆಳಕು ಹರಿಯಿತು. ಆದರೆ ಮರಗಳ ಕೆಳಗೆ ಇನ್ನೂ ಕತ್ತಲಿತ್ತು. ಬಯಲುಸೀಮೆಯಲ್ಲಿ ಸೂರ್ಯ ಮೂಡಿದರೆ ಊರೆಲ್ಲ ಒಟ್ಟಿಗೆ ಬೆಳಗಾಗುತ್ತದೆ. ಅಲ್ಲಿ ಮರದ ತುದಿಗೆ ಮೊದಲು ಬೆಳಗು, ನೆಲಕ್ಕೆ ಆಮೇಲೆ.

ತೋಟದ ಮನೆಯ ಯಜಮಾನರು ಅಂಗಳದಲ್ಲೇ ಕಾದಿದ್ದರು. ಕಾಲು ತೊಳೆಯಲು ಬಿಸಿನೀರು, ಕುಡಿಯಲು ಬೆಲ್ಲ ಹಾಕಿದ ಕಷಾಯ, ಆಮೇಲೆ ದೋಸೆ, ಜೋನಿಬೆಲ್ಲ. ಅವರ ಮಗಳು ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದಳು, ರಜೆಗೆ ಬಂದಿದ್ದಳು. ಸಿಸ್ಟರ್ ಅಕ್ಕ ಮೊದಲು ಕೇಳಿದ್ದು ಮಂಗನ ಕಾಯಿಲೆಯ ಬಗ್ಗೆ. ಆ ರೋಗವನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಅಲ್ಲಿಂದ ಬಹಳ ದೂರವೇನಲ್ಲ. ಯಜಮಾನರು ಹೇಳಿದರು: "ಅದು ಮಳೆ ನಿಂತು ಕಾಡು ಒಣಗಿದ ಮೇಲೆ, ಉಣುಗು ಹೆಚ್ಚಾದಾಗ ಬರೂದು. ಈಗಿನ ಕಾಟ ಉಂಬಳದ್ದು."

ಆ ಕಾಟ ಬೆಟ್ಟ ಹತ್ತಿದ ಸ್ವಲ್ಪ ಹೊತ್ತಿಗೇ ಕಾಣಿಸಿತು. ದಾರಿಯ ತರಗೆಲೆಯ ಮೇಲೆ ನೂಲಿನೆಳೆಯಷ್ಟು ಸಪೂರ ಹುಳ ಎದ್ದು ನಿಂತು, ಮೂತಿಯನ್ನು ಆ ಕಡೆ ಈ ಕಡೆ ಆಡಿಸಿ, ಬರುವವರ ಕಾಲು ಹುಡುಕುತ್ತಿತ್ತು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕಾಲ್ಚೀಲ ಕೆಂಪಾದಾಗ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ, ಅದಕ್ಕೇ ಹುಳ ಬಿದ್ದ ಮೇಲೂ ರಕ್ತ ಸೋರುತ್ತದೆ ಎಂದು ಅಕ್ಕ ಹುಡುಗರಿಗೆ ಬಿಡಿಸಿ ಹೇಳಿದರು. ಕಾಕಾ ತಮ್ಮ ಡಬ್ಬಿ ತೆಗೆದು, ತಂಬಾಕಿಗೆ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ, ನೀರು ಹಾಕಿ ಎಲ್ಲರ ಕಾಲಿಗೂ ಸವರಿದರು. ಯಜಮಾನರು ತಲೆದೂಗಿದರು: "ಇದೇ ನಮ್ಮ ಮದ್ದೂ ಹೌದು." ಬೀದರಿನ ಡಬ್ಬಿಗೆ ಸಿದ್ದಾಪುರದ ಕಾಡಿನಲ್ಲಿ ಆ ದಿನ ಬಹಳ ಬೆಲೆ ಬಂತು.

ತೋಟ ಮುಗಿದಲ್ಲಿಂದ ಸೊಪ್ಪಿನ ಬೆಟ್ಟ. ಆ ಜಿಲ್ಲೆಯಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟವನ್ನು ಸೊಪ್ಪು, ತರಗೆಲೆಗೆಂದು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಇದೆ. ಬೆಟ್ಟ ಕೆಟ್ಟರೆ ತೋಟ ಕೆಡುತ್ತದೆ ಎಂಬುದು ಅಲ್ಲಿನವರಿಗೆ ಚಿಕ್ಕಂದಿನಿಂದ ಗೊತ್ತು. ಬೆಟ್ಟ ದಾಟಿದ ಮೇಲೆ ನಿಜವಾದ ಕಾಡು. ಅಲ್ಲಿ ನನ್ನ ಗಮನ ಸೆಳೆದದ್ದು ಮರದ ಎತ್ತರಕ್ಕಿಂತ ಕಾಲಡಿಯ ನೆಲ. ಹೆಜ್ಜೆ ಇಟ್ಟರೆ ಪಾದ ಒಳಗಿಳಿಯುತ್ತಿತ್ತು. ಯಜಮಾನರು ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು, ತುದಿಯಿಂದ ಒಂದು ಗೇಣು ಕೆದಕಿ ತೋರಿಸಿದರು. ಮೇಲೆ ಒಣ ಎಲೆ. ಅದರ ಕೆಳಗೆ ಅರ್ಧ ಕೊಳೆತ, ಜರಡಿಯಾದ ಎಲೆ. ಅದರ ಕೆಳಗೆ ಕಪ್ಪು ಗೊಬ್ಬರ. ಆಮೇಲೆ ಬಿಳಿ ಬೇರಿನ ಜಾಲ, ಬೆರಳು ತೂರದಷ್ಟು ಒತ್ತಾಗಿ. ಅದರಡಿಯ ಮಣ್ಣು ಹಿಡಿದು ಹಿಂಡಿದರೆ ಅಂಗೈ ಒದ್ದೆಯಾಯಿತು. "ಮಳೆ ನಿಂತು ವಾರವಾಯಿತು," ಅಂದರು. ಕಾಕಾ ಆ ಮಣ್ಣನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು.

ಅಬ್ಬಿ ಕಾಣುವುದಕ್ಕೆ ಮೊದಲು ಕೇಳಿಸಿತು. ಕಾಕಾ ನಿಂತು, "ಕಾರ್ಖಾನಿ ಬಾಯ್ಲರ್ ಉಗಿ ಬಿಟ್ಟಂಗ ಕೇಳ್ಲತ್ತದ," ಅಂದರು. ಕಡಿದಾದ ಇಳಿಜಾರು, ಬಳ್ಳಿ ಹಿಡಿದು ಇಳಿದೆವು. ಕೆಳಗೆ ಬಂಡೆಗಳ ನಡುವೆ ಒಂದು ಗುಂಡಿ, ಅದಕ್ಕೆ ಮೇಲಿಂದ ಎರಡು ಮೆಟ್ಟಿಲಾಗಿ ಧುಮುಕುವ ನೀರು. ಅಷ್ಟೇನೂ ಎತ್ತರದ್ದಲ್ಲ. ಆದರೆ ಸುತ್ತ ಗೋಡೆಯ ಹಾಗೆ ನಿಂತ ಕಾಡು, ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರು. ಹುಡುಗರು ಕೂಗಾಡಲಿಲ್ಲ. ರೈಲಿನ ನೀರಿನ ಸುದ್ದಿ ಕೇಳಿ ಬೇಸಿಗೆ ಕಳೆದವರು ಒಬ್ಬೊಬ್ಬರಾಗಿ ಕೂತು ಕಾಲು ಇಳಿಬಿಟ್ಟರು. ಅಕ್ಕ ಬೊಗಸೆಯಲ್ಲಿ ನೀರು ತೆಗೆದು ಮುಖಕ್ಕೆ ಹಚ್ಚಿಕೊಂಡು ಹಾಗೇ ಕಣ್ಣು ಮುಚ್ಚಿದರು.

ರೊಟ್ಟಿ-ಹಿಂಡಿ ಬಿಚ್ಚಿದೆವು. ತಿನ್ನುತ್ತ ಕಾಕಾ ಹೇಳಿದ ಮಾತು ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು. "ಎಷ್ಟು ನೀರೋ ತಮ್ಮಾ! ಎಲ್ಲಾ ಸುಮ್ನ ಸಮುದ್ರಕ್ಕ ಹೋಗ್ಲತ್ತದ. ನಮ್ಮ ಕಡಿ ಒಂದು ಕೊಡಕ್ಕ ಜಗಳ ಆಡ್ಲತ್ತಾರ."

ಯಜಮಾನರ ಮಗಳು ಎದುರಿನ ಬಂಡೆಯ ಮೇಲಿದ್ದಳು. "ಸುಮ್ಮನೆ ಹೋಗೂದಿಲ್ಲ ಅಜ್ಜ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗಟ್ಟಿತನವಿತ್ತು. "ಈ ನೀರು ಅಘನಾಶಿನಿಗೆ ಸೇರ್ತದೆ. ಶಿರಸಿ ಹತ್ತಿರ ಹುಟ್ಟಿ ಕುಮಟಾ ಹತ್ತಿರ ಕಡಲಿಗೆ ಸೇರುವ ತನಕ ಆ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಕೆಳಗೆ ಉಪ್ಪುನೀರು ಸಿಹಿನೀರು ಸೇರುವಲ್ಲಿ ಗಜನಿ ಗದ್ದೆಯಿದೆ, ಕಗ್ಗ ಭತ್ತ ಬೆಳೀತಾರೆ. ಇಳಿತದ ಹೊತ್ತಿಗೆ ಸಾವಿರಾರು ಜನ ಬಳಚು ಚಿಪ್ಪು ಹೆಕ್ತಾರೆ, ಮೀನು ಹಿಡೀತಾರೆ. ಮೇಲಿಂದ ಸಿಹಿನೀರು ಹೋಗದಿದ್ದರೆ ಅವರ ಒಲೆ ಉರಿಯೂದಿಲ್ಲ."

ಕಾಕಾ ಕೈಯ ರೊಟ್ಟಿ ಕೆಳಗಿಟ್ಟರು. ಅವರಿಗೆ ಉತ್ತರ ಹೊಳೆಯಲಿಲ್ಲ, ಒಪ್ಪಲೂ ಮನಸ್ಸಿರಲಿಲ್ಲ. ಬಾಯಾರಿದ ಸೀಮೆಯವನಿಗೆ ಕಡಲಿಗೆ ಹೋಗುವ ನೀರೆಲ್ಲ ಪೋಲು ಎಂದೇ ಕಾಣುತ್ತದೆ. ಅದು ಹೊಟ್ಟೆಕಿಚ್ಚಿನ ಮಾತಲ್ಲ, ಬಾಯಾರಿಕೆಯ ಮಾತು. ಆ ಹುಡುಗಿಯೂ ಅದನ್ನು ಹಾಗೇ ಕೇಳಿಸಿಕೊಂಡಳು. ಮಾತು ಅಲ್ಲಿಗೇ ನಿಂತಿತು. ಅದು ಮುಂದುವರಿಯಲು ಹೊಳೆಯೇ ಬರಬೇಕಾಯಿತು.

ಊಟ ಮುಗಿಯುವ ಹೊತ್ತಿಗೆ ಆಚೆ ದಂಡೆಯ ಮರದ ತುದಿಯಲ್ಲಿ ಕೊಂಬೆ ಅಲ್ಲಾಡಿತು. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ. ಸಿಂಗಳೀಕ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ. ಶಿರಸಿ-ಹೊನ್ನಾವರದ ಈ ಕಾಡು ಅದರ ನೆಲೆಯ ಉತ್ತರದ ತುದಿ. ಅದಕ್ಕೆಂದೇ ಸರ್ಕಾರ 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅದು ನೆಲಕ್ಕಿಳಿಯುವುದು ಅಪರೂಪ, ಮರದಿಂದ ಮರಕ್ಕೇ ಅದರ ಬದುಕು. ನಡುವೆ ಕಾಡು ಕಡಿದರೆ ಅದರ ದಾರಿಯೇ ಕಡಿದ ಹಾಗೆ. ಯಜಮಾನರು ಹುಡುಗರನ್ನೂ ಅಕ್ಕನ ಮಗಳನ್ನೂ ಕರೆದುಕೊಂಡು, ಮೊಳಕಾಲುದ್ದದ ನೀರಿನಲ್ಲಿ ಹೊಳೆ ದಾಟಿ, ಹತ್ತಿರದಿಂದ ತೋರಿಸಲು ಹೋದರು. ಈಚೆ ದಂಡೆಯಲ್ಲಿ ನಾವು ಹಿರಿಯರು ಮತ್ತು ಯಜಮಾನರ ಮಗಳು ಉಳಿದೆವು.

ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಪೂರ್ವದ ಕಡೆ ಗುಡುಗಿದ್ದು ಕೂಡ ಅಬ್ಬಿಯ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ. ಆ ಹುಡುಗಿ ಇದ್ದಕ್ಕಿದ್ದಂತೆ ಎದ್ದು ನಿಂತು ನೀರನ್ನೇ ನೋಡಿದಳು. "ಎಲ್ಲರೂ ಮೇಲೆ ಬನ್ನಿ. ಚೀಲ ಬಿಟ್ಟರೂ ಅಡ್ಡಿಯಿಲ್ಲ, ಬೇಗ ಬನ್ನಿ." ನಾವು ನೋಡಿದರೆ ಏನೂ ಕಾಣಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಳು. ತಿಳಿನೀರಿನ ಮೇಲೆ ಒಣ ಎಲೆ ತೇಲಿ ಬರುತ್ತಿದ್ದವು. ಮೊದಲು ಒಂದೆರಡು, ಆಮೇಲೆ ಗುಂಪು ಗುಂಪಾಗಿ, ಜೊತೆಗೆ ಸಣ್ಣ ಕಡ್ಡಿ, ನೊರೆ. ದಂಡೆಯ ಮೇಲೆ ಬಿದ್ದ ಎಲೆಯನ್ನು ನೀರು ಎತ್ತಿಕೊಂಡು ಬರುತ್ತಿದೆ ಎಂದರೆ ಮೇಲೆಲ್ಲೋ ಹೊಳೆ ಏರಿದೆ ಎಂದರ್ಥ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಹಿಂಗಾರಿನ ಮಳೆ ಗುಡ್ಡದ ಒಂದು ಮಗ್ಗುಲಿಗೆ ಸುರಿದು ಇನ್ನೊಂದು ಮಗ್ಗುಲನ್ನು ಒಣಗಿಯೇ ಬಿಡುವುದುಂಟು.

ಚೀಲ ಎತ್ತಿಕೊಂಡು ನಾವು ಎರಡಾಳೆತ್ತರ ಮೇಲೆ ಹತ್ತಿದೆವು. ತಿರುಗಿ ನೋಡುವಾಗ ರೊಟ್ಟಿ ತಿಂದ ಬಂಡೆಯ ಅಂಚು ಒದ್ದೆಯಾಗಿತ್ತು. ಆಮೇಲೆ ಅರ್ಧ ಮುಳುಗಿತು. ಆಮೇಲೆ ಅಲ್ಲೊಂದು ಬಂಡೆ ಇತ್ತು ಎಂಬ ಗುರುತಿಗೆ ನೀರಿನ ಉಬ್ಬು ಮಾತ್ರ ಉಳಿಯಿತು. ಮಕ್ಕಳು ದಾಟಿಹೋದ ಜಾಗದಲ್ಲಿ ಈಗ ದಾಟುವ ಮಾತೇ ಇರಲಿಲ್ಲ.

ಆಚೆ ದಂಡೆಯ ಮರಗಳ ನಡುವೆ ಮೊದಲು ಯಜಮಾನರ ಅಡಕೆ ಹಾಳೆ ಟೊಪ್ಪಿ ಕಂಡಿತು, ಹಿಂದೆಯೇ ಹುಡುಗರು. ಅಕ್ಕ ಮಗಳ ಹೆಸರು ಕೂಗಿದರು. ಹತ್ತಿರ ನಿಂತ ನನಗೇ ಆ ಕೂಗು ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಸದ್ದು. ತಾಯಿ ಈಚೆ, ಮಗಳು ಆಚೆ, ನಡುವೆ ಹೊಳೆ. ಊರಲ್ಲಿ ಎಂಥ ರೋಗಿ ಬಂದರೂ ಗಾಬರಿಯಾಗದ ಅಕ್ಕನ ಕೈ ನಡುಗುತ್ತಿತ್ತು. ಕಾಕಾ ಪಟಕಾ ಬಿಚ್ಚಿ ಹಗ್ಗದ ಹಾಗೆ ಹುರಿ ಮಾಡತೊಡಗಿದರು. "ಇದರ ಒಂದು ತುದಿ ಆ ಕಡಿ ಒಗೀತೀನಿ. ಹಿಡ್ಕೊಂಡು ಬರ್ಲಿ ಹುಡುಗ್ರು."

ಹುಡುಗಿ ಅವರ ಎರಡೂ ಕೈ ಹಿಡಿದಳು. "ಬೇಡ ಅಜ್ಜ. ರಭಸ ಇದ್ದರೆ ಮೊಳಕಾಲಿಗೆ ಬಂದ ಹರಿವು ಸಾಕು, ಮನುಷ್ಯನ ಕಾಲು ಕಿತ್ತುಬಿಡ್ತದೆ. ಹಗ್ಗ ಹಿಡಿದವರನ್ನೂ ಎಳೀತದೆ. ಹೊಳೆ ಇಳಿಯುವವರೆಗೆ ಕೂರುವುದೇ ದಾರಿ. ನೋಡಿ, ಅಪ್ಪ ಏನು ಹೇಳ್ತಿದ್ದಾರೆ." ಆಚೆ ಯಜಮಾನರು ಎರಡೂ ಅಂಗೈ ಕೆಳಗೆ ಒತ್ತಿ ಒತ್ತಿ ತೋರಿಸುತ್ತಿದ್ದರು: ಕೂತುಕೊಳ್ಳಿ. ಆಮೇಲೆ ಕೈಯನ್ನು ಮೇಲ್ದಿಕ್ಕಿಗೆ ಸುತ್ತು ಹಾಕಿ ತೋರಿಸಿದರು. ಮೇಲೆ ಒಂದು ಕಾಲುಸಂಕ ಇದೆ, ಮಳೆ ತಗ್ಗಿದ ಮೇಲೆ ಸುತ್ತು ಹೊಡೆದು ಅಲ್ಲಿಂದ ಕರೆತರುತ್ತಾರೆ ಎಂದು ಮಗಳು ಬಿಡಿಸಿ ಹೇಳಿದಳು. ಅಕ್ಕನ ಮಗಳು ಅಲ್ಲಿಂದಲೇ ಎರಡೂ ಕೈ ಎತ್ತಿ ಬೀಸಿದಳು. ಅಕ್ಕ ಕೂತರು.

ಯಜಮಾನರ ಮಗಳು ಮಾಡಿದ ಇನ್ನೊಂದು ಕೆಲಸ ನನ್ನ ಕಣ್ಣಿಗೆ ಕಟ್ಟಿದೆ. ಒಂದು ಹಸಿ ಕೋಲು ಕಡಿದು, ಉಗುರಿನಿಂದ ಸಿಪ್ಪೆ ಎಬ್ಬಿಸಿ ಬೆರಳಗಲಕ್ಕೊಂದರಂತೆ ಬಿಳಿ ಗೆರೆ ಮಾಡಿ, ನೀರಿನ ಅಂಚಿನ ಮಣ್ಣಿಗೆ ಊರಿದಳು. "ಕಣ್ಣು ಸುಳ್ಳು ಹೇಳ್ತದೆ ಅಜ್ಜ. ಹೆದರಿದಾಗ ಹೊಳೆ ಏರ್ತಾನೇ ಇದೆ ಅನ್ನಿಸ್ತದೆ. ಕೋಲು ನೋಡ್ತಾ ಇರಿ." ಆಗ ನಮ್ಮ ಮೇಲೂ ಮಳೆ ಶುರುವಾಗಿತ್ತು. ಆದರೆ ಆ ದಟ್ಟ ಎಲೆಯಡಿ ಮಳೆ ನೇರ ಬೀಳಲಿಲ್ಲ. ಎಲೆಯಿಂದ ಎಲೆಗೆ ಇಳಿದು, ಕಾಂಡ ಹಿಡಿದು ಜಾರಿ, ನೆಲಕ್ಕೆ ಮೆಲ್ಲಗೆ ಬಂತು. ಕಾಕಾ ಕುಕ್ಕರಗಾಲಲ್ಲಿ ಕೂತು ಕೋಲು ಕಾದರು. ಒಂದು ಗೆರೆ ಮುಳುಗಿತು. ಎರಡು. ಮೂರನೆಯದು ಮುಳುಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ನೀರು ಅಲ್ಲೇ ನಿಂತಿತು.

ಕಾಯುತ್ತ ಕೂತಾಗ ವಿಜ್ಞಾನದ ಮಾಸ್ತರು ಕಾಕಾನನ್ನು ಕೇಳಿದರು: "ನಮ್ಮ ಹಳ್ಳಾಗಿದ್ರ ಇಷ್ಟೊತ್ತಿಗೆ ಏನಾಗ್ತಿತ್ತು ಕಾಕಾ?" ಕಾಕಾ ಕೋಲಿನಿಂದ ಕಣ್ಣು ತೆಗೆಯದೆ ಉತ್ತರಿಸಿದರು: "ಎದ್ದು ಓಡ್ಲಾಕೂ ವ್ಯಾಳೆ ಸಿಗ್ತಿದ್ದಿಲ್ಲ. ಗೋಡಿ ಬಂದಂಗ ಬರ್ತಿತ್ತು. ನೀರಲ್ಲ ಅದು, ಕರೀ ಕೆಸರು. ಎರಡು ತಾಸಿನಾಗ ಹೊಲದ ಮಣ್ಣೆಲ್ಲಾ ಬಳ್ಕೊಂಡು ಹೋಗಿ, ಮುಂಜಾನಿ ನೋಡಿದ್ರ ಬರೇ ಉಸುಕು." ಹೇಳಿ ಮುಗಿಸಿ ಅವರೇ ಹೊಳೆಯ ನೀರನ್ನು ಬಗ್ಗಿ ನೋಡಿದರು. ಮಂದವಾಗಿತ್ತು, ಎಲೆ ಕಸವಿತ್ತು, ಕೆಸರಿರಲಿಲ್ಲ. "ಪೂರ್ತಿ ಕೆಂಪಾಗಿ ಬಂದರೆ ಮೇಲೆ ಗುಡ್ಡ ಜರಿದಿದೆ ಅಂತ ಲೆಕ್ಕ," ಅಂದಳು ಹುಡುಗಿ. "ಕಾಡು ಸರಿಯಾಗಿದ್ದರೆ ಹೊಳೆ ಏರೂದೂ ನಿಧಾನ, ಇಳಿಯೂದೂ ನಿಧಾನ. ಏಪ್ರಿಲ್‌ಗೆ ಬನ್ನಿ, ಆಗಲೂ ಇಲ್ಲಿ ನೀರಿರ್ತದೆ. ಈಗ ನಿಮ್ಮ ಕಾಲಡಿಗೆ ಇಳೀತಾ ಇರುವ ಮಳೆಯೇ ಆಗ ಒರತೆಯಾಗಿ ಬರೂದು."

ಕಾಕಾ ಆ ಮಾತಿಗೆ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ನಮ್ಮ ಮಳಿ ನಮ್ಮಲ್ಲಿ ನಿಂದ್ರಂಗಿಲ್ಲ. ಅದೇ ಖರೇ ಪೋಲು," ಅಂದರು. ನಾನು ಹೇಳಬೇಕಾದ ಕತೆಯ ತಿರುಳು ಈ ಒಂದು ಮಾತಿನಲ್ಲಿದೆ.

ಮೂರನೇ ಗೆರೆ ಬಿಳಿಯಾಗಿ ಮೇಲೆ ಕಂಡಾಗ ಬೆಳಕು ಇಳಿಯುತ್ತಿತ್ತು. ಮಳೆ ನಿಂತೊಡನೆ ಆಚೆಯವರು ಕಾಡಿನೊಳಗೆ ಮರೆಯಾದರು. ನಾವು ಬಂದ ದಾರಿಯಲ್ಲೇ ಮೇಲೆ ಹತ್ತಿ, ಹುಡುಗಿಯ ಹಿಂದೆ ಬೆಟ್ಟದ ಏಣು ಹಿಡಿದು ನಡೆದೆವು. ಕಾಲುಸಂಕ ಅಂದರೆ ಎರಡು ಉದ್ದ ಮರದ ಕಾಂಡ, ಹಿಡಿಯಲು ಒಂದು ಅಡ್ಡಬಿದಿರು. ಅಲ್ಲಿ ಹೊಳೆ ಕಿರಿದು, ಎರಡು ಬಂಡೆಗಳ ಇಕ್ಕಟ್ಟಿನಲ್ಲಿ ಆಳದಲ್ಲಿ ಹರಿಯುತ್ತಿತ್ತು. ಯಜಮಾನರು ಒಬ್ಬೊಬ್ಬರನ್ನೇ ದಾಟಿಸಿದರು. ಒಬ್ಬರು ಈಚೆ ಕಾಲಿಟ್ಟ ಮೇಲೆಯೇ ಇನ್ನೊಬ್ಬರಿಗೆ ಕೈಸನ್ನೆ. ಅಕ್ಕನ ಮಗಳು ದಾಟಿ ಬಂದಾಗ ತಾಯಿ ಬೈಯಲಿಲ್ಲ, ಅಳಲಿಲ್ಲ. ಮೊದಲು ಅವಳ ಕಾಲಿಂದ ಉಂಬಳ ಕಿತ್ತು ತೆಗೆದರು. ಆಮೇಲೆ ಅಪ್ಪಿಕೊಂಡರು. ಬ್ಯಾಟರಿ ಬೆಳಕಿನಲ್ಲಿ ಮನೆ ಮುಟ್ಟುವಾಗ ರಾತ್ರಿಯಾಗಿತ್ತು.

ಆ ರಾತ್ರಿ ಬಚ್ಚಲ ಒಲೆಯ ಮುಂದೆ ಬಟ್ಟೆ ಒಣಗಿಸುತ್ತ ಕೂತಾಗ ಯಜಮಾನರು 1983ರ ಕತೆ ಹೇಳಿದರು. ಆ ವರ್ಷ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಲ್ಕಣಿಯ ಸುತ್ತಲಿನ ಹೆಂಗಸರು, ಗಂಡಸರು ಮಳೆಯಲ್ಲೇ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೊ ಚಳವಳಿ ನಮ್ಮಲ್ಲಿ ಅಪ್ಪಿಕೊ ಆಯಿತು. ಪಾಂಡುರಂಗ ಹೆಗಡೆಯವರು ಅದನ್ನು ಊರೂರಿಗೆ ಒಯ್ದರು. ಮರ ಕಡಿದ ಮೇಲೆ ಒರತೆ ಬತ್ತಿದ್ದನ್ನು, ತೋಟ ಒಣಗಿದ್ದನ್ನು ಕಂಡವರೇ ಆ ದಿನ ಮುಂದೆ ನಿಂತವರು. ಹೊಳೆ ಉಳಿಸಬೇಕೆಂದರೆ ಮರ ಉಳಿಸಬೇಕು ಎಂದು ಅವರಿಗೆ ಬದುಕೇ ಕಲಿಸಿತ್ತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೂ ಅದನ್ನೇ ಹೇಳಿದವು. ಘಟ್ಟದ ಹೊಳೆಗಳ ಜಲಾನಯನದಲ್ಲಿ ಶೇಕಡ 60ಕ್ಕಿಂತ ಹೆಚ್ಚು ನೆಲದಲ್ಲಿ ಸ್ಥಳೀಯ ಜಾತಿಯ ಕಾಡಿದ್ದರೆ ಹೊಳೆ ಹನ್ನೆರಡು ತಿಂಗಳೂ ಹರಿಯುತ್ತದೆ. ಕಾಡು ಹೋದಲ್ಲಿ ಮಳೆಗಾಲ ಮುಗಿದ ಕೆಲವೇ ತಿಂಗಳಿಗೆ ಬತ್ತುತ್ತದೆ.

ಭಾನುವಾರ ಬೆಳಿಗ್ಗೆ ಉಂಚಳ್ಳಿಗೆ ಹೋದೆವು. 1845ರಲ್ಲಿ ಇದನ್ನು ಕಂಡ ಜಿಲ್ಲಾ ಕಲೆಕ್ಟರ್ ಲಶಿಂಗ್ಟನ್ ಅವರ ಹೆಸರನ್ನು ಬ್ರಿಟಿಷರು ಇದಕ್ಕಿಟ್ಟಿದ್ದರು. ಸುತ್ತಲಿನ ಜನ ಕೆಪ್ಪ ಜೋಗ ಎನ್ನುತ್ತಾರೆ. ಮೆಟ್ಟಿಲಿಳಿದು ಅಂಚಿನಲ್ಲಿ ನಿಂತಾಗ ಬರೀ ಮಂಜು. ಸದ್ದು ಮಾತ್ರ ಎದೆಗೆ ಬಡಿಯುತ್ತಿತ್ತು. ಬಿಸಿಲೇರಿದಂತೆ ಮಂಜು ಸರಿದು, 116 ಮೀಟರ್ ಎತ್ತರದಿಂದ ಕಣಿವೆಗೆ ಬೀಳುವ ಅಘನಾಶಿನಿ ಪೂರ್ತಿ ಕಂಡಿತು. ಹುಡುಗರು ನೀರು ಬೀಳುವಲ್ಲಿ ನೋಡುತ್ತಿದ್ದರು. ಕಾಕಾ ಅದರ ಮೇಲೆ, ಗುಡ್ಡದ ನೆತ್ತಿಯ ಕಾಡನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ, "ಎಲ್ಲಾ ಅಲ್ಲೇ ಅದ," ಅಂದರು. ಹಿಂದಿನ ದಿನದ ಹಾಗೆ ಸಮುದ್ರದ ಮಾತೆತ್ತಲಿಲ್ಲ. ಅದೇ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಒಂದೆಂದು. ಆ ಸುದ್ದಿ ಓದಿದ ದಿನ ನನಗೆ ಬಂಡೆಯ ಮೇಲೆ ಕೂತು ಬಳಚು, ಕಗ್ಗದ ಲೆಕ್ಕ ಹೇಳಿದ ಆ ಹುಡುಗಿಯ ನೆನಪಾಯಿತು.

ಊರಿಗೆ ಬಂದ ಮೇಲೆ ಕಾಕಾ ತಮ್ಮ ಹೊಲದ ಮೇಲ್ತುದಿಯ ಬರಡಿನಲ್ಲಿ ದನ ಬಿಡುವುದನ್ನು ನಿಲ್ಲಿಸಿದರು. ಬೇಸಿಗೆಯಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬೀಳದಂತೆ ಕಾದರು. ಮುಂದಿನ ಮಿರಗಕ್ಕೆ ಬದುವಿಗೆ ಹೊಂಗೆ, ಬೇವು ಹಚ್ಚಿದರು. ಮಾಸ್ತರು ಮಕ್ಕಳನ್ನು ಬೀದರಿನ ನೌಬಾದಿಗೆ ಕರೆದುಕೊಂಡು ಹೋಗಿ, ಬಹಮನಿ ಕಾಲದ ಕರೇಜ್ ತೋರಿಸಿದರು. ಜಂಬಿಟ್ಟಿಗೆಯ ನೆಲದೊಳಗೆ ಇಳಿದ ಮಳೆಯನ್ನು ಸುರಂಗದಲ್ಲಿ ಕೂಡಿಸಿ ಊರಿಗೆ ತಂದ ವಿದ್ಯೆ ಅದು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು: ಮಳೆಯನ್ನು ನೆಲದ ಮೇಲೆ ಓಡಲು ಬಿಟ್ಟವನು ಬಡವ, ನೆಲದೊಳಗೆ ಇಳಿಸಿಕೊಂಡವನು ಸಿರಿವಂತ.

ಬೀದರ್ ಮಲೆನಾಡಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸಿದ್ದಾಪುರದ ಮಳೆಯ ಮೂರನೇ ಒಂದು ಪಾಲು ನಮ್ಮದು. ಆದರೆ ನಮಗೂ ಹೊನ್ನಿಕೇರಿಯಂಥ ಕಾಡಿದೆ, ಜಂಬಿಟ್ಟಿಗೆಯ ಗುಡ್ಡಗಳಿವೆ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟಿ ಕೃಷ್ಣೆಯ ಕಡೆ ಹೋಗುವ ಮುಲ್ಲಾಮಾರಿಯಿದೆ, ಗೋದಾವರಿಯ ಕಡೆ ಹೋಗುವ ಕಾರಂಜಾ ಇದೆ. ಎರಡು ದೊಡ್ಡ ನದಿಗಳಿಗೆ ನೀರು ಕೊಡುವ ಜಿಲ್ಲೆ ತಾನು ಬಾಯಾರಿ ಕೂತಿರುವುದು ಮಳೆ ಕಡಿಮೆ ಎಂಬ ಒಂದೇ ಕಾರಣಕ್ಕಲ್ಲ.

ರಜೆ ಸಿಕ್ಕಾಗ ಜಲಪಾತ ನೋಡಲು ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಸ್ಥಳೀಯರಿಲ್ಲದೆ ಕಾಡಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಬೇಡವೆಂದು ಇಲಾಖೆಯವರು ಹಾಕಿದ ಬೋರ್ಡು ದಾಟಬೇಡಿ. ತಲೆಯ ಮೇಲೆ ಬಿಸಿಲಿದ್ದರೂ ನೀರಿನಲ್ಲಿ ಎಲೆ, ಕಡ್ಡಿ ತೇಲಿ ಬಂದರೆ ಆ ಕ್ಷಣವೇ ಎದ್ದು ಮೇಲೆ ಹತ್ತಿ. ಯಾರಾದರೂ ಆಚೆ ಉಳಿದರೆ ಹೊಳೆ ಇಳಿಯುವವರೆಗೆ ಕೂತು ಕಾಯಿರಿ. ಒಯ್ದ ಪ್ಲಾಸ್ಟಿಕ್ಕನ್ನು ಹೊತ್ತು ತನ್ನಿ. ನೀರು ಬೀಳುವ ಜಾಗ ನೋಡಿದ ಮೇಲೆ ಅದರ ಮೇಲಿನ ಕಾಡನ್ನೂ ಒಮ್ಮೆ ಕತ್ತೆತ್ತಿ ನೋಡಿ. ಊರಿಗೆ ಬಂದು ನಿಮ್ಮ ಹಳ್ಳದ ತಲೆಯ ಗುಡ್ಡಕ್ಕೆ ಹೋಗಿ, ಅಲ್ಲಿ ಹುಲ್ಲು, ಮರ ಎಷ್ಟು ಉಳಿದಿವೆ ಎಂದು ನೋಡಿ ಬನ್ನಿ. ನಮ್ಮ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.